ಕುದುರೆಮುಖದ ಕಬ್ಬಿಣ ಉಳಿಯಿತು, ಬಾಣಾವರದ ನೀರು ಮುಗಿಯಿತು

ಪ್ರಶ್ನೆ: ಬಾಣಾವರದ ಹತ್ತಿರ ನಮಗೆ ನಾಲ್ಕು ಎಕರೆ ಜಮೀನಿದೆ. ತೆಂಗು ಒಣಗಿದ ಮೇಲೆ ಎರಡು ಎಕರೆಗೆ ಅಡಿಕೆ ಹಾಕಿದೆವು. ಈ ಮಾರ್ಚ್‌ನಲ್ಲಿ ನಾಲ್ಕನೆಯ ಕೊಳವೆಬಾವಿ 900 ಅಡಿ ಹೋದರೂ ಪುಡಿಯನ್ನೇ ಕೊಟ್ಟಿತು. ಅದೇ ವಾರ ನನ್ನ ಮಗಳು ಪರೀಕ್ಷೆಗೆಂದು ‘ಪೆಟ್ರೋಲಿಯಂ ಮುಗಿಯುವ ಸಂಪನ್ಮೂಲ, ನೀರು ಮುಗಿಯದ ಸಂಪನ್ಮೂಲ’ ಎಂದು ಬಾಯಿಪಾಠ ಮಾಡುತ್ತಿದ್ದಳು. ಕೇಳಿ ನಗುವುದೋ ಅಳುವುದೋ ತಿಳಿಯಲಿಲ್ಲ. ಕುದುರೆಮುಖದಲ್ಲಿ ಅದಿರು ಮುಗಿದದ್ದರಿಂದಲೇ ಗಣಿ ಮುಚ್ಚಿತು ಎನ್ನುತ್ತಾರೆ. ಭೂಮಿಯ ಸಂಪತ್ತು ನಿಜವಾಗಿ ಮುಗಿಯುತ್ತದೆಯೇ? ಮುಗಿಯುವುದಾದರೆ ಮೊದಲು ಯಾವುದು? ನಾನು ಐದನೆಯದನ್ನು ಕೊರೆಸಲೋ ಬೇಡವೋ?
(ಅರಸೀಕೆರೆ ತಾಲ್ಲೂಕಿನ ಓದುಗರು)

ಉತ್ತರ: ಮೊದಲು ಕುದುರೆಮುಖದ ಮಾತು ಮುಗಿಸೋಣ, ಏಕೆಂದರೆ ಅಲ್ಲಿ ನೀವು ಕೇಳಿದ್ದು ತಪ್ಪು. ಅದಿರು ಮುಗಿದಿರಲಿಲ್ಲ. ಇವತ್ತಿಗೂ ಆ ಗುಡ್ಡಗಳಲ್ಲಿ ಕೋಟಿಗಟ್ಟಲೆ ಟನ್ ಅದಿರು ಹಾಗೆಯೇ ಇದೆ.

ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಆ ಅದಿರನ್ನು ಗುರುತಿಸಿದ್ದು 1913ರಲ್ಲಿ. ಅನಂತರ ಅರವತ್ತು ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. ಅದು ಬಡ ಅದಿರು, ನೂರರಲ್ಲಿ 38 ಪಾಲಷ್ಟೇ ಕಬ್ಬಿಣ. ಬಳ್ಳಾರಿಯಲ್ಲಿ ಅರವತ್ತಕ್ಕೂ ಮೇಲಿನ ಅದಿರು ಬಿದ್ದಿರುವಾಗ ಇದನ್ನು ಯಾರು ಕೇಳುತ್ತಾರೆ? 1970ರ ದಶಕದಲ್ಲಿ ಇರಾನಿನ ಷಾ ತನ್ನ ಉಕ್ಕಿನ ಕಾರ್ಖಾನೆಗಳಿಗಾಗಿ ಸಾಲ ಕೊಡಲು ಮುಂದೆ ಬಂದ. ಕಂಪನಿ ಹುಟ್ಟಿತು, ಗುಡ್ಡ ಅಗೆಯುವ ಕೆಲಸ ನಡೆಯಿತು. ಅದಿರನ್ನು ಪುಡಿ ಮಾಡಿ, ಸಾಂದ್ರಗೊಳಿಸಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಮುಟ್ಟಿಸುವ ವ್ಯವಸ್ಥೆ ಸಿದ್ಧವಾಯಿತು. ಅಷ್ಟರಲ್ಲಿ 1979ರ ಕ್ರಾಂತಿ ಷಾನನ್ನೇ ಎಬ್ಬಿಸಿ ಕಳುಹಿಸಿತು. ಕೊಳ್ಳುವವನಿಲ್ಲದ ಅದಿರಿಗೆ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಅರವತ್ತು ವರ್ಷ ಬರಿಯ ಕಲ್ಲಾಗಿದ್ದದ್ದು ಸಾಲ ಬಂದ ಕೂಡಲೇ ಅದಿರಾಯಿತು, ಸಾಲ ಕೊಟ್ಟವನು ಹೋದ ಮರುದಿನ ಮತ್ತೆ ಕಲ್ಲಾಗುವ ಹೆದರಿಕೆ ಹುಟ್ಟಿತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗಣಿ ನಿಂತದ್ದು ಬೇರೆ ಕಾರಣಕ್ಕೆ. ಕಬ್ಬಿಣ ತೆಗೆದ ಮೇಲೆ ಉಳಿಯುವ ಕೆಸರನ್ನು ತುಂಬಿಡಲು ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟೆ ಕಟ್ಟಿದ್ದರು. ವರ್ಷಕ್ಕೆ 6,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಜಾಗ ಅದು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಸೀಮೆ. ಬೋಳು ಮಾಡಿದ ಗುಡ್ಡದ ಮಣ್ಣು ಭದ್ರೆಗೆ ಇಳಿಯತೊಡಗಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಮುಂತಾದವರ ಹೋರಾಟ ಸುಪ್ರೀಂ ಕೋರ್ಟಿಗೆ ಹೋಯಿತು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಎಂದರೆ ಅಲ್ಲಿ ಮುಗಿದದ್ದು ಕೆಸರು ಚೆಲ್ಲುವ ಜಾಗ, ಹೊಳೆಯ ತಾಳ್ಮೆ.

ಪೆಟ್ರೋಲಿಯಂ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ ಸಾಗುತ್ತಿದೆ ಎಂಬುದು ನನ್ನ ಅಂದಾಜು. ನಿಮ್ಮ ಮಗಳಿಗೆ ಇದನ್ನು ಹೇಳಿ. 1980ರಲ್ಲಿ ಜಗತ್ತಿನ ತೈಲ ಇನ್ನು ಮೂವತ್ತು ವರ್ಷಕ್ಕೆ ಸಾಕು ಎಂಬ ಲೆಕ್ಕವಿತ್ತು. ಆ ಲೆಕ್ಕದಂತೆ 2010ಕ್ಕೆ ನಾವೆಲ್ಲ ಎತ್ತಿನ ಗಾಡಿ ಹೂಡಬೇಕಿತ್ತು. 2020ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಇನ್ನು ಐವತ್ತು ವರ್ಷಕ್ಕೆ ಸಾಕು ಎಂದು ಬಂತು. ನಲವತ್ತು ವರ್ಷ ಸುರಿದು ಉರಿಸಿದ ಮೇಲೆ ಉಳಿದ ವರ್ಷಗಳು ಹೆಚ್ಚಾದದ್ದು ಹೇಗೆ? ಗಣಿಯವರ ಭಾಷೆಯಲ್ಲಿ ‘ನಿಕ್ಷೇಪ’ ಎಂದರೆ ನೆಲದೊಳಗೆ ಇರುವುದೆಲ್ಲ ಅಲ್ಲ. ಇಂದಿನ ಬೆಲೆಗೆ, ಇಂದಿನ ಯಂತ್ರಕ್ಕೆ ಲಾಭವಿಟ್ಟು ತೆಗೆಯಲು ಸಾಧ್ಯವಾಗುವಷ್ಟು ಮಾತ್ರ. ಬೆಲೆ ಏರಿದರೆ ನಿಕ್ಷೇಪ ಹಿಗ್ಗುತ್ತದೆ, ಹೊಸ ಯಂತ್ರ ಬಂದರೆ ಇನ್ನಷ್ಟು ಹಿಗ್ಗುತ್ತದೆ. ಅಮೆರಿಕದ ತೈಲ ಉತ್ಪಾದನೆ 1970ರ ಸುಮಾರಿಗೆ ಶಿಖರ ಮುಟ್ಟಿ ಇಳಿಯುತ್ತದೆ ಎಂದು ಕಿಂಗ್ ಹಬರ್ಟ್ ಎಂಬ ಭೂವಿಜ್ಞಾನಿ 1956ರಲ್ಲೇ ಹೇಳಿದ್ದ. ಇಳಿದದ್ದೂ ನಿಜ. ಮುಂದೆ ಶೇಲ್ ಕಲ್ಲನ್ನು ಸೀಳಿ ತೈಲ ಹಿಂಡುವ ವಿದ್ಯೆ ಕೈಗೆ ಬಂದಾಗ ಆ ಹಳೆಯ ಶಿಖರವನ್ನೂ ದಾಟಿ ಮೇಲೆ ಹೋಯಿತು.

ಹಾಗೆಂದು ತೈಲ ಅಕ್ಷಯ ಪಾತ್ರೆಯೇನಲ್ಲ. ಆದರೆ ಅದು ಬತ್ತುವ ಮೊದಲೇ ಅದರ ಹೊಗೆ ಹಿಡಿಯುವ ಆಕಾಶ ತುಂಬುತ್ತಿದೆ. 1958ರಲ್ಲಿ ಅಳೆಯಲು ತೊಡಗಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 315 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು, ಈಗ 420 ದಾಟಿದೆ. ಲಕ್ಯಾ ಕಟ್ಟೆಯ ಕಥೆಯೇ, ಕಟ್ಟೆ ಮಾತ್ರ ದೊಡ್ಡದು.

ಲೋಹಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1980ರಲ್ಲಿ ಪಾಲ್ ಎರ್ಲಿಕ್ ಎಂಬ ಜೀವವಿಜ್ಞಾನಿಯೂ ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞನೂ ಪಂದ್ಯ ಕಟ್ಟಿದರು. ಐದು ಲೋಹಗಳ ಬೆಲೆ ಹತ್ತು ವರ್ಷದಲ್ಲಿ ಏರುತ್ತದೆಯೋ ಇಳಿಯುತ್ತದೆಯೋ ಎಂಬುದೇ ಪಂದ್ಯ. ಐದರಲ್ಲಿ ಒಂದು ಕ್ರೋಮಿಯಂ, ನಿಮಗೆ ಪಕ್ಕದ್ದೇ. ಅರಸೀಕೆರೆ, ಚನ್ನರಾಯಪಟ್ಟಣದ ಮಗ್ಗುಲಲ್ಲಿ ಹಾದುಹೋಗುವ ನುಗ್ಗೇಹಳ್ಳಿ ಪಟ್ಟಿಯ ಹಸಿರುಗಪ್ಪು ಕಲ್ಲಿನಲ್ಲಿ ಅದರ ಅದಿರಿದೆ, ಭೈರಾಪುರದಲ್ಲಿ ಸುರಂಗ ತೋಡಿ ದಶಕಗಟ್ಟಲೆ ತೆಗೆದರು. ಜಗತ್ತಿನ ಜನಸಂಖ್ಯೆ ಆ ಹತ್ತು ವರ್ಷದಲ್ಲಿ ಎಂಬತ್ತು ಕೋಟಿ ಹೆಚ್ಚಿದರೂ ಬೆಲೆಗಳು ಒಟ್ಟಾರೆ ಇಳಿದವು. ಎರ್ಲಿಕ್ 1990ರಲ್ಲಿ ಸೋತ ಹಣ 576 ಡಾಲರ್ 7 ಸೆಂಟ್‌ನ ಚೆಕ್ ಕಳುಹಿಸಿದ. ಬೇರೆ ಹತ್ತು ವರ್ಷ ಆರಿಸಿಕೊಂಡಿದ್ದರೆ ಅವನೇ ಗೆಲ್ಲಬಹುದಿತ್ತು ಎಂದು ವಾದಿಸುವವರೂ ಇದ್ದಾರೆ. ಇರಲಿ. ಲೋಹಕ್ಕೆ ಬದಲಿ ಲೋಹ ಸಿಗುತ್ತದೆ, ಹಳೆಯ ಪಾತ್ರೆ ಕರಗಿಸಿದರೆ ಹೊಸ ಪಾತ್ರೆಯಾಗುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗಲೂ ಚಿನ್ನ ಪೂರ್ತಿ ಮುಗಿದಿರಲಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಟನ್ನು ಕಲ್ಲು ಒಡೆದು, ಮೂರು ನಾಲ್ಕು ಗ್ರಾಂ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು, ಅಷ್ಟೇ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಅದಿರು ಬಂದದ್ದು ಚಿಕ್ಕಮಗಳೂರಿನ ಕೆಮ್ಮಣ್ಣುಗುಂಡಿಯಿಂದ, ಹಗ್ಗದ ದಾರಿಯ ತೊಟ್ಟಿಲುಗಳಲ್ಲಿ ತೂಗಿಕೊಂಡು. ಉರುವಲು ಮಾತ್ರ ಕಲ್ಲಿದ್ದಲಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲು. ಒಂದು ಟನ್ ಕಬ್ಬಿಣಕ್ಕೆ ಸರಿಸುಮಾರು ಒಂದು ಟನ್ ಇದ್ದಿಲು ಬೇಕು, ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಸೌದೆ. ಮಗಳ ಪುಸ್ತಕದ ಪ್ರಕಾರ ಮರ ಮುಗಿಯದ ಪಟ್ಟಿಯಲ್ಲಿದೆ, ಅದಿರು ಮುಗಿಯುವ ಪಟ್ಟಿಯಲ್ಲಿ. ಕೆಮ್ಮಣ್ಣುಗುಂಡಿಗೆ ಹೋದಾಗ ಸುತ್ತ ನೋಡಿ, ಕೆಮ್ಮಣ್ಣು ಬೇಕಾದಷ್ಟಿದೆ. ಆ ಇದ್ದಿಲಿಗೆ ಬಿದ್ದ ಮರಗಳ ವಯಸ್ಸಿನ ಮರಗಳನ್ನು ಹುಡುಕಲು ಮಾತ್ರ ಸ್ವಲ್ಪ ನಡೆಯಬೇಕಾಗುತ್ತದೆ.

ಪುಸ್ತಕದ ಆ ವಿಂಗಡಣೆಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಮುಗಿಯುತ್ತದೆ, ಮುಗಿಯುವುದಿಲ್ಲ ಎಂಬುದು ವಸ್ತುವಿನ ಗುಣವಲ್ಲ. ಅದು ಎಷ್ಟು ಬೇಗ ಹುಟ್ಟುತ್ತದೆ, ನಾವು ಎಷ್ಟು ಬೇಗ ತೆಗೆಯುತ್ತೇವೆ ಎಂಬ ಎರಡು ವೇಗಗಳ ನಡುವಿನ ವ್ಯವಹಾರ. ಮುಗಿಯುವ ವಸ್ತು ಎಂದು ಗೊತ್ತಿದ್ದರೆ ಜನ ಲೆಕ್ಕ ಇಡುತ್ತಾರೆ, ಬೆಲೆ ಏರಿಸುತ್ತಾರೆ, ಬದಲಿ ಹುಡುಕುತ್ತಾರೆ. ಮುಗಿಯುವುದಿಲ್ಲ ಎಂದು ನಂಬಿದ್ದಕ್ಕೆ ಲೆಕ್ಕವೂ ಇಲ್ಲ, ಬೆಲೆಯೂ ಇಲ್ಲ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದು: ಮೊದಲು ಮುಗಿಯುವುದು ನೀರು. ಜಗತ್ತಿನ ನೀರಲ್ಲ, ನಿಮ್ಮ ನಾಲ್ಕು ಎಕರೆಯ ಕೆಳಗಿನದು.

ನಾನು ಹುಟ್ಟಿದ್ದು ಕಡೂರಿನ ಕಡೆಯ ಹಳ್ಳಿಯಲ್ಲಿ. ನಮ್ಮ ಮನೆಯ ಮುಂದೆ ಒಂದು ಹಗೇವು ಇತ್ತು. ಈಗಿನ ಮಕ್ಕಳಿಗೆ ಗೊತ್ತಿರಲಾರದು. ಕಲ್ಲುಮಿಶ್ರಿತ ಗಟ್ಟಿ ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿದ ಗುಂಡಿ, ಮನುಷ್ಯ ಇಳಿಯುವಷ್ಟು ಬಾಯಿ, ಮೇಲೆ ಕಲ್ಲು ಚಪ್ಪಡಿ, ಚಪ್ಪಡಿಯ ಸುತ್ತ ಮೆತ್ತಿದ ಮಣ್ಣು. ಒಳಗೆ ಹುಲ್ಲು ಹಾಸಿ ರಾಗಿ ತುಂಬುತ್ತಿದ್ದರು. ತೆಗೆಯುವ ದಿನ ಚಪ್ಪಡಿ ಸರಿಸಿ ಹೊತ್ತು ಕಾಯಬೇಕು, ಲಾಂದ್ರ ಇಳಿಬಿಟ್ಟು ದೀಪ ಆರದೆ ಉರಿಯುತ್ತದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಕೆಟ್ಟ ಗಾಳಿಗೆ ಇಳಿದವನು ಮೇಲೆ ಬರುವುದಿಲ್ಲ. ದಿನದ ಮುದ್ದೆಗೆ ಮನೆಯೊಳಗೆ ಕಾಳು ತುಂಬಿಡುವ ವಾಡೆಯ ರಾಗಿ. ಹಗೇವಿನದು ಮಳೆ ಕೈಕೊಟ್ಟ ವರ್ಷಕ್ಕೆ. ವಾಡೆ ತುಂಬಿದ್ದಾಗ ಹಗೇವಿನ ಚಪ್ಪಡಿ ಮುಟ್ಟಿದರೆ ಅಜ್ಜಿ ಊರು ಒಂದಾಗುವಂತೆ ಬೈಯುತ್ತಿದ್ದಳು.

ನಮ್ಮ ಬಯಲುಸೀಮೆಯ ಅಂತರ್ಜಲವೂ ಹೀಗೆಯೇ ಎರಡು ಮನೆ ಮಾಡಿಕೊಂಡಿದೆ. ಹಾಸನ ಜಿಲ್ಲೆಯ ತಳದ ಕಲ್ಲು ಬಹಳ ಹಳೆಯದು, ಗೊರೂರಿನ ಬಳಿಯ ನೈಸ್ ಶಿಲೆಗೆ 330 ಕೋಟಿ ವರ್ಷ. ಅಷ್ಟು ಹಳೆಯ ಕಲ್ಲಿನೊಳಗೆ ಮರಳಿನಲ್ಲಿರುವಂತೆ ಸಂದುಗಳಿರುವುದಿಲ್ಲ. ಮೇಲಿನ ಐವತ್ತರಿಂದ ನೂರು ಅಡಿಯ ತನಕ ಕಲ್ಲು ಬಿಸಿಲು ಮಳೆಗೆ ಕೊಳೆತು ಸುದ್ದೆಯಾಗಿದೆ, ಆ ಸುದ್ದೆ ಕಲ್ಲಿನಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಅದು ವಾಡೆ. ವರ್ಷ ವರ್ಷ ತುಂಬುತ್ತದೆ, ನಿಮ್ಮ ಅಜ್ಜನ ತೆರೆದ ಬಾವಿಗೆ ನೀರು ಬರುತ್ತಿದ್ದದ್ದು ಅದರಿಂದ. ಅದರ ಕೆಳಗೆ ಇಡಿಯ ಬಂಡೆ, ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಕೂದಲಿನಂಥ ಬಿರುಕು. ಆ ಬಿರುಕುಗಳಲ್ಲಿ ನಿಂತ ನೀರು ಈ ವರ್ಷದ್ದಲ್ಲ, ಹೋದ ವರ್ಷದ್ದೂ ಅಲ್ಲ. ಅದು ಹಗೇವು. 1966-67ರ ಬರದ ನಂತರ ಯುನಿಸೆಫ್ ಮೂಲಕ ನಮ್ಮ ದೇಶಕ್ಕೆ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ಬಂದವು. ಬಂದದ್ದು ಕುಡಿಯುವ ನೀರಿಗೆ. ಆಮೇಲೆ ಅದೇ ಯಂತ್ರದಿಂದ ಊರೂರಿನಲ್ಲೂ ಹಗೇವಿನ ಚಪ್ಪಡಿ ತೆಗೆದೆವು, ಬೈಯಲು ಅಜ್ಜಿಯರು ಇರಲಿಲ್ಲ.

ಈಗ ನಿಮ್ಮದೇ ಜಮೀನಿನ ಲೆಕ್ಕ ಹಾಕೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ನಿಮ್ಮ ಕಡೆ ವರ್ಷದ ಮಳೆ 650 ಮಿಲಿಮೀಟರ್ ಎಂದು ಹಿಡಿದರೆ ಎಕರೆಯ ಮೇಲೆ ಬೀಳುವ ನೀರು ಸುಮಾರು 26 ಲಕ್ಷ ಲೀಟರ್. ಕೇಳಲು ದೊಡ್ಡದು. ಅದರಲ್ಲಿ ಬಹುಪಾಲು ಮಣ್ಣಿನಿಂದ, ಗಿಡದಿಂದ, ಹುಲ್ಲಿನಿಂದ ಆವಿಯಾಗಿ ಬಂದ ದಾರಿ ಹಿಡಿಯುತ್ತದೆ, ಒಂದಿಷ್ಟು ಹಳ್ಳಕ್ಕೆ ಹರಿಯುತ್ತದೆ. ಇಂಥ ಕಲ್ಲಿನ ಸೀಮೆಯಲ್ಲಿ ಕೆಳಕ್ಕೆ ಇಂಗುವುದು ನೂರಕ್ಕೆ ಹತ್ತು ಎಂದರೆ ಉದಾರವಾಗಿ ಹೇಳಿದ ಹಾಗೆ. ಅಂದರೆ ಎಕರೆಗೆ 2.6 ಲಕ್ಷ ಲೀಟರ್. ಅದು ನಿಮ್ಮ ವರ್ಷದ ವಾಡೆ.

ಎಕರೆಗೆ 500 ಅಡಿಕೆ ಗಿಡ. ಹನಿ ನೀರಾವರಿಯಲ್ಲೂ ಬೇಸಗೆಯಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್ ಎಂದಿಟ್ಟುಕೊಳ್ಳಿ, ದಿನಕ್ಕೆ 10,000 ಲೀಟರ್ ಆಯಿತು. ಡಿಸೆಂಬರಿನಿಂದ ಮೇ ತನಕ 180 ದಿನಕ್ಕೆ 18 ಲಕ್ಷ ಲೀಟರ್. ವಾಡೆಯಲ್ಲಿ ಇರುವುದು 2.6 ಲಕ್ಷ, ಉಣ್ಣುವುದು 18 ಲಕ್ಷ. ಒಂದು ಎಕರೆ ಅಡಿಕೆ ಏಳು ಎಕರೆಯ ಇಂಗುನೀರನ್ನು ಕುಡಿಯುತ್ತದೆ. ನಿಮ್ಮದು ಎರಡು ಎಕರೆ ಅಡಿಕೆ. ಹದಿನಾಲ್ಕು ಎಕರೆಯ ನೀರು ಬೇಕು, ಇರುವುದು ನಾಲ್ಕು ಎಕರೆ. ಉಳಿದ ತೆಂಗಿನ ಲೆಕ್ಕವನ್ನು ನಾನು ಹಿಡಿದೇ ಇಲ್ಲ. ಬಾಕಿ ಹತ್ತು ಎಕರೆಯ ನೀರು ಇಷ್ಟು ವರ್ಷ ಎಲ್ಲಿಂದ ಬಂತು? ಒಂದಿಷ್ಟು ಪಕ್ಕದ ರಾಗಿ ಹೊಲದವನದ್ದು, ಅವನು ಕೊರೆಸಿರಲಿಲ್ಲವಾದ್ದರಿಂದ ನಿಮಗೆ ಹರಿದು ಬಂತು. ಅವನೂ ಅಡಿಕೆ ಹಾಕಿದ ದಿನ ಅದು ನಿಂತಿತು. ಉಳಿದದ್ದು ಹಗೇವಿನದು.

ಇನ್ನೊಂದು ಅಂಕಿಯನ್ನು ತಿಳಿದುಕೊಂಡರೆ ನೀರು ಇದ್ದಕ್ಕಿದ್ದ ಹಾಗೆ ಪಾತಾಳಕ್ಕೆ ಹೋದದ್ದು ಏಕೆ ಎಂಬುದೂ ತಿಳಿಯುತ್ತದೆ. ಸುದ್ದೆ ಕಲ್ಲು ಬಿಟ್ಟುಕೊಡುವ ನೀರು ಅದರ ಗಾತ್ರದ ನೂರಕ್ಕೆ ಎರಡು ಪಾಲು. ಎಕರೆಯಿಂದ 18 ಲಕ್ಷ ಲೀಟರ್ ತೆಗೆದರೆ ಹೊಲದ ಮೇಲೆ ನಿಂತ ನೀರಿನ ಲೆಕ್ಕದಲ್ಲಿ ಅದು 45 ಸೆಂಟಿಮೀಟರ್, ಮೊಣಕಾಲಿನಷ್ಟು. ಅದೇ ನೀರನ್ನು ನೂರರಲ್ಲಿ ಎರಡು ಪಾಲಷ್ಟೇ ಜಾಗವಿರುವ ಕಲ್ಲಿನಿಂದ ಹಿಂಡಿದರೆ ಮಟ್ಟ ಇಳಿಯುವುದು 22 ಮೀಟರ್, ಸುಮಾರು 70 ಅಡಿ. ಮೊಣಕಾಲುದ್ದ ನೀರಿಗೆ ಎಪ್ಪತ್ತು ಅಡಿ ಕುಸಿತ. ಕೆಳಗಿನ ಬಂಡೆಯಲ್ಲಿ ಜಾಗ ಇನ್ನೂ ಕಡಿಮೆಯಾದ್ದರಿಂದ ಕುಸಿತ ಇನ್ನೂ ಹೆಚ್ಚು. ನೀವು 300ರಿಂದ 600ಕ್ಕೆ, 600ರಿಂದ 900ಕ್ಕೆ ಹೋದದ್ದು ಯಾರ ಶಾಪವೂ ಅಲ್ಲ, ಗಣಿತ.

ಕೆಲವು ವರ್ಷಗಳ ಹಿಂದೆ ನಿಮ್ಮ ಪಕ್ಕದ ಹೋಬಳಿಯಲ್ಲಿ ಒಂದು ರಾತ್ರಿ ಕೊರೆಯುವ ಗಾಡಿಯ ಹತ್ತಿರ ಕುಳಿತಿದ್ದೆ. ತಮಿಳುನಾಡಿನ ತಿರುಚೆಂಗೋಡಿನ ಗಾಡಿ. ಜಾಗ ತೋರಿಸಿದವರ ಅಂಗೈಯ ಮೇಲೆ ತೆಂಗಿನಕಾಯಿ ಎದ್ದು ನಿಂತಿತ್ತಂತೆ, ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಪ್ಪತ್ತು ಅಡಿಯ ರಾಡು ಒಂದೊಂದು ಇಳಿದಾಗಲೂ ಹುಡುಗನೊಬ್ಬ ಗಾಡಿಯ ಮಗ್ಗುಲಿಗೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದ. ಏಳನೆಯ ಗೀಟಿಗೆ ಪುಡಿ ಸ್ವಲ್ಪ ತೇವವಾಯಿತು, ಎಲ್ಲರೂ ಎದ್ದು ನಿಂತರು. ಎಂಟನೆಯದಕ್ಕೆ ಮತ್ತೆ ಒಣಗಿತು. ಮನೆಯಾಕೆ ಗಂಗೆ ಬಂದರೆ ಪೂಜೆ ಮಾಡಲೆಂದು ಅರಿಸಿನ, ಕುಂಕುಮ, ಬತ್ತಿ ಇಟ್ಟ ತಟ್ಟೆ ಹಿಡಿದು ದೂರದಲ್ಲಿ ನಿಂತಿದ್ದರು. ಬಿಳಿ ದೂಳು ತೆಂಗಿನ ಗರಿಗಳ ಮೇಲೆ, ಹಸುವಿನ ಬೆನ್ನಿನ ಮೇಲೆ ಕುಳಿತುಕೊಳ್ಳುತ್ತಿತ್ತು. ನಡುರಾತ್ರಿ ದಾಟಿದ ಮೇಲೆ ಅವರು ತಟ್ಟೆಯ ಮೇಲೆ ಸೆರಗು ಮುಚ್ಚಿದರು. ಮುನ್ನೂರು ಅಡಿ ದಾಟಿದ ಮೇಲೆ ಅಡಿಗೊಂದು ದರ, ಇನ್ನೂ ಕೆಳಗೆ ಹೋದಂತೆ ಇನ್ನೊಂದು ದರ. ಆಳಕ್ಕೆ ಹೋದಷ್ಟೂ ಖರ್ಚು ಏರುತ್ತಿತ್ತು, ಸಿಗುವ ಆಸೆ ಇಳಿಯುತ್ತಿತ್ತು. ಕೋಲಾರದ ಗಣಿಯವರು ಒಂದು ದಿನ ಕುಳಿತು ಲೆಕ್ಕ ನೋಡಿ ನಿಲ್ಲಿಸಿದರು. ರೈತ ನಿಲ್ಲಿಸುವುದಿಲ್ಲ, ಏಕೆಂದರೆ ಅವನ ಗಿಡ ಹೊರಗೆ ನಿಂತು ಕಾಯುತ್ತಿದೆ. ನಲವತ್ತೈದನೆಯ ಗೀಟಿಗೆ ಬಂದ ಪುಡಿಯನ್ನು ಕೈಯಲ್ಲಿ ಹಿಡಿದೆ, ಗೋಧಿ ಹಿಟ್ಟಿನಷ್ಟು ನುಣುಪು, ಬೆಚ್ಚಗೆ.

ಸರ್ಕಾರಿ ಅಂಕಿಗಳನ್ನು ನೋಡಿದರೆ ಇದು ಕಾಣುವುದಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2023ರ ಲೆಕ್ಕದಂತೆ ದೇಶದಲ್ಲಿ ತೆಗೆಯಬಹುದಾದ ಅಂತರ್ಜಲದಲ್ಲಿ ನೂರಕ್ಕೆ 59ರಷ್ಟನ್ನು ಮಾತ್ರ ತೆಗೆಯುತ್ತಿದ್ದೇವೆ. ನೆಮ್ಮದಿಯ ಸುದ್ದಿ ಎನಿಸುತ್ತದೆ. ಆದರೆ ಆ ಸರಾಸರಿಯಲ್ಲಿ ಗಂಗಾ ಬಯಲಿನ ಮರಳೂ ಇದೆ, ನಿಮ್ಮ ಬಂಡೆಯೂ ಇದೆ. ಚಿಕ್ಕಮಗಳೂರು ಜಿಲ್ಲೆಯ ಸರಾಸರಿ ಮಳೆ ಎಂದಾಗಲೂ ಹೀಗೆಯೇ. ಶೃಂಗೇರಿಯಲ್ಲಿ 3,500 ಮಿಲಿಮೀಟರಿಗೂ ಮೇಲೆ, ಕಡೂರಿನಲ್ಲಿ 600ರ ಆಸುಪಾಸು. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಮಳೆ ಜಿಲ್ಲೆಯ ಯಾವ ಊರಿನಲ್ಲೂ ಬೀಳುವುದಿಲ್ಲ. ಅತಿಬಳಕೆಯ ಪಟ್ಟಿಯಲ್ಲಿ ಕಡೂರು, ಅರಸೀಕೆರೆಗಳ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಮೂರು ಉಪಾಯಗಳನ್ನು ಜನ ನನಗೆ ಹೇಳುತ್ತಾರೆ. ಒಂದು, ಹನಿ ನೀರಾವರಿ. ಒಳ್ಳೆಯದೇ. ಆದರೆ ಅರ್ಧ ನೀರು ಉಳಿಯಿತೆಂದು ಸುಮ್ಮನಿದ್ದವರನ್ನು ನಾನು ಕಂಡಿಲ್ಲ, ಉಳಿದ ನೀರಿಗೆ ಇನ್ನೊಂದು ಎಕರೆ ಗಿಡ ಕೂರಿಸುತ್ತಾರೆ. 1865ರಲ್ಲಿ ಇಂಗ್ಲೆಂಡಿನ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಕಲ್ಲಿದ್ದಲ ಬಗ್ಗೆ ಇದನ್ನೇ ಕಂಡುಕೊಂಡಿದ್ದ. ಉಗಿಯಂತ್ರ ಕಡಿಮೆ ಇದ್ದಲು ತಿನ್ನುವಂತಾದಷ್ಟೂ ದೇಶ ಹೆಚ್ಚು ಇದ್ದಲು ಸುಟ್ಟಿತು, ಏಕೆಂದರೆ ಯಂತ್ರಗಳೇ ಹೆಚ್ಚಿದವು. ಹತ್ತು ಅಶ್ವಶಕ್ತಿಯ ತನಕ ಪಂಪಿಗೆ ವಿದ್ಯುತ್ ಬಿಟ್ಟಿ ಇರುವ ಕಡೆ ಈ ನಿಯಮ ಇನ್ನೂ ಚುರುಕಾಗಿ ಕೆಲಸ ಮಾಡುತ್ತದೆ.

ಎರಡು, ಇಂಗುಗುಂಡಿ, ಕೆರೆ ಹೂಳು. ಇದರಲ್ಲಿ ನನಗೆ ನಂಬಿಕೆ ಇದೆ, ಅಳತೆ ಮೀರಿದ ನಂಬಿಕೆ ಇಲ್ಲ. ಒಬ್ಬ ಹೊಯ್ಸಳ ಅರಸಿ ಕಟ್ಟಿಸಿದ ಕೆರೆಯಿಂದಲೇ ನಿಮ್ಮ ಊರಿಗೆ ಅರಸೀಕೆರೆ ಎಂಬ ಹೆಸರು. ಬಾಬಾಬುಡನ್‌ಗಿರಿಯ ನೀರನ್ನು ಅಯ್ಯನಕೆರೆ, ಮದಗದ ಕೆರೆಗಳಲ್ಲಿ ಹಿಡಿದು, ಕೋಡಿ ಬಿದ್ದದ್ದನ್ನು ವೇದಾವತಿಗೆ ಬಿಟ್ಟು ಕಡೂರಿನವರು ಶತಮಾನಗಳ ಕಾಲ ಬದುಕಿದರು. ಹೂಳು ತೆಗೆದು, ಬದು ಹಾಕಿ, ಹರಿಯುವ ನೀರನ್ನೆಲ್ಲ ನಿಲ್ಲಿಸಿದಿರಿ ಎಂದುಕೊಳ್ಳಿ. ನಿಮ್ಮ 2.6 ಲಕ್ಷ ಐದು ಲಕ್ಷ ಆಗಬಹುದು. ಹದಿನೆಂಟು ಆಗುವುದಿಲ್ಲ.

ಮೂರು, ಎತ್ತಿನಹೊಳೆ. ಸಕಲೇಶಪುರದ ಹೊಳೆಗಳಿಂದ 24.01 ಟಿಎಂಸಿ ನೀರನ್ನು ಮೇಲೆತ್ತಿ ಪೂರ್ವಕ್ಕೆ ಹರಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಕೊಟ್ಟರು. ಅಷ್ಟು ನೀರು ಅಲ್ಲಿ ಇದೆಯೇ ಎಂಬ ಜಗಳ ಇನ್ನೂ ತೀರಿಲ್ಲ. ಇದ್ದರೂ, ಬಂದರೂ, ಕೆರೆ ತುಂಬಿದ ವರ್ಷವೇ ಅಡಿಕೆ ಸಸಿಯ ಬೆಲೆ ಏರುತ್ತದೆ ಎಂದು ಮಾತ್ರ ನಾನು ಬರೆದುಕೊಡಬಲ್ಲೆ.

ನೀರಲ್ಲದೆ ನನ್ನ ನಿದ್ದೆ ಕೆಡಿಸುವ ಇನ್ನೊಂದು ವಸ್ತು ರಂಜಕ. ಹಾಸನದ ಆಲೂಗಡ್ಡೆ ಬೆಳೆಗಾರರು ಸಾಲಿಗೆ ಸುರಿಯುವ ಡಿಎಪಿ ಗೊಬ್ಬರದಲ್ಲಿ ಇರುವುದು ಅದೇ. ಅದು ಬರುವುದು ಕಲ್ಲಿನಿಂದ, ಆ ಕಲ್ಲಿನ ನಿಕ್ಷೇಪದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮೊರಾಕೊ ಮತ್ತು ಅದರ ವಶದಲ್ಲಿರುವ ಪಶ್ಚಿಮ ಸಹಾರಾದಲ್ಲಿದೆ. 2010ರ ಸುಮಾರಿಗೆ ಮೊರಾಕೊದ ನಿಕ್ಷೇಪವನ್ನು 570 ಕೋಟಿ ಟನ್ನಿನಿಂದ 5,000 ಕೋಟಿ ಟನ್ನಿಗೆ ತಿದ್ದಿದರು, ನೆಲದೊಳಗೆ ಒಂದು ಹರಳೂ ಹೆಚ್ಚಾಗದೆ. ಆದ್ದರಿಂದ ಬೇಗ ಮುಗಿಯುವ ಭಯವಿಲ್ಲ. ಆದರೆ ತೈಲಕ್ಕೆ ಬಿಸಿಲಿದೆ, ಗಾಳಿಯಿದೆ, ರಂಜಕಕ್ಕೆ ಬದಲಿಯೇ ಇಲ್ಲ. ಅದಿಲ್ಲದೆ ಯಾವ ಗಿಡವೂ ಬೇರು ಬಿಡುವುದಿಲ್ಲ. ನಮ್ಮ ಹೊಲದ ರಂಜಕ ಆಲೂಗಡ್ಡೆಯ ಮೂಟೆಯೊಂದಿಗೆ ಬೆಂಗಳೂರಿಗೆ ಹೋಗಿ, ಅಲ್ಲಿಯ ಚರಂಡಿ ಸೇರುತ್ತದೆ. ಹಿಂದೆ ತಿಪ್ಪೆಯ ಗೊಬ್ಬರವಾಗಿ ಹೊಲಕ್ಕೇ ಹಿಂದಿರುಗುತ್ತಿತ್ತು. ಇದನ್ನು ಇನ್ನೊಮ್ಮೆ ಬರೆಯುತ್ತೇನೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಐದನೆಯದನ್ನು ಕೊರೆಸಬೇಡಿ. 1,200 ಅಡಿಯಲ್ಲಿ ಒಂದಿಂಚು ನೀರು ಸಿಕ್ಕರೂ ಅದು ಎರಡು ಬೇಸಗೆ ದಾಟುವ ಭರವಸೆ ನನಗಿಲ್ಲ, ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಮನೆಯವರು ಕುಡಿಯಲೂ ಬಾರದು. ಕೊರೆಸಲು ಎತ್ತಿಟ್ಟ ಹಣದಲ್ಲಿ ಅಡಿಕೆಯನ್ನು ಅರ್ಧ ಎಕರೆಗೆ ಇಳಿಸಿ, ಬಲವಾದ ಗಿಡಗಳನ್ನು ಉಳಿಸಿಕೊಳ್ಳಿ. ಅರ್ಧ ಎಕರೆಗೆ 9 ಲಕ್ಷ ಲೀಟರ್ ಬೇಕು, ನಿಮ್ಮ ನಾಲ್ಕು ಎಕರೆಯಲ್ಲಿ ಇಂಗುವುದು ಸುಮಾರು 10 ಲಕ್ಷ. ಲೆಕ್ಕ ಕೂದಲೆಳೆಯಲ್ಲಿ ಕೂರುತ್ತದೆ, ತೆಂಗಿಗೆ ಏನೂ ಉಳಿಯುವುದಿಲ್ಲ, ಆದ್ದರಿಂದ ಬದು ಹಾಕಿಸಿ, ತೆಂಗಿನ ಬುಡಕ್ಕೆ ಸಿಪ್ಪೆ ಮುಚ್ಚಿಸಿ. ಉಳಿದ ನೆಲಕ್ಕೆ ರಾಗಿ, ಹುರುಳಿ, ಅವು ಮಳೆಯ ನೀರಿನಲ್ಲೇ ಬೆಳೆದು ಮುಗಿಯುತ್ತವೆ. ಅಡಿಕೆಯ ದರ ನೋಡಿದಾಗ ಹೊಟ್ಟೆ ಉರಿಯುತ್ತದೆ ಎಂಬುದು ನನಗೂ ಗೊತ್ತು. ಕಿತ್ತ ಒಂದೂವರೆ ಎಕರೆಯ ನಷ್ಟವನ್ನು ನಾನು ತುಂಬಿಕೊಡಲಾರೆ.

ಒಂದು ಕೆಲಸವನ್ನು ಮಗಳಿಗೆ ಒಪ್ಪಿಸಿ. ನಿಮ್ಮ ಹಳೆಯ ತೆರೆದ ಬಾವಿ ಮುಚ್ಚಿಲ್ಲವೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದು ಪೂರ್ತಿ ಒಣಗಿದ್ದರೂ ಪರವಾಗಿಲ್ಲ. ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ನೀವು ಜೊತೆಗಿದ್ದು ಕಟ್ಟೆಯ ಒಂದೇ ಗುರುತಿನಿಂದ ಇಳಿಬಿಡಿಸಿ, ಹಗ್ಗ ಎಷ್ಟನೆಯ ಗಂಟಿನವರೆಗೆ ನೆಂದಿದೆ, ಎಷ್ಟು ಒಣಗಿದೆ ಎಂದು ಬರೆದಿಡಲಿ. ಮೇ ಕೊನೆಯ ವಾರದಲ್ಲಿ ಒಮ್ಮೆ, ಹಿಂಗಾರು ಮುಗಿದ ಮೇಲೆ ನವೆಂಬರಿನಲ್ಲಿ ಒಮ್ಮೆ. ಎರಡೂ ದಿನ ಪಂಪು ರಾತ್ರಿಯಿಡೀ ನಿಂತಿರಬೇಕು. ನವೆಂಬರಿನ ಅಳತೆ ಸಿಕ್ಕ ಕೂಡಲೇ ನನಗೆ ಬರೆಯಿರಿ, ಮೇ ತಿಂಗಳದ್ದೂ ಜೊತೆಗಿರಲಿ.